ಜಂಟಿ ಖಾತೆಯ ಮೆಮೊರಿ

ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಮಾಡಿದವರಿಗೆಲ್ಲ ಒಂದು ಮಾತು ನೆನಪಿರುತ್ತೆ. "ಮ್ಯಾಲಕ್ ಮಾಡಿದ್ದನ್ನೆಲ್ಲ ಫ್ರೀ ಮಾಡಿ." ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಕೇಳೋ ಖಾಯಂ ಪ್ರಶ್ನೆಯೂ ಅದೇ. ಫ್ರೀ ಮಾಡ್ಲಿಲ್ಲ ಅಂದ್ರೆ ಏನಾಗುತ್ತೆ? "ಮೆಮೊರಿ ಲೀಕ್ ಆಗುತ್ತೆ ಸಾರ್." ಅಷ್ಟು ಹೇಳಿದ್ರೆ ಮಾರ್ಕ್ಸು. ಲೀಕ್ ಆಗಿದ್ದು ಎಲ್ಲಿಗೆ ಹೋಗುತ್ತೆ, ಪ್ರೋಗ್ರಾಮ್ ಮುಗಿದ ಮೇಲೂ ಅದು ಹಾಗೇ ಉಳಿದಿರುತ್ತಾ ಅಂತ ಯಾರೂ ಕೇಳ್ತಿರಲಿಲ್ಲ. ನಾವೂ ಕೇಳಲಿಲ್ಲ ಬಿಡಿ :-)

ಉತ್ತರ ಏನಂದ್ರೆ, ಉಳಿಯಲ್ಲ. ಪ್ರೋಗ್ರಾಮ್ ಮುಗಿದ ತಕ್ಷಣ ಕರ್ನಲ್ ಬಂದು ಎಲ್ಲ ಗುಡಿಸಿಕೊಂಡು ಹೋಗುತ್ತೆ.

ಮದುವೆ ಛತ್ರದ ಮ್ಯಾನೇಜರ್‌ನ ನೋಡಿರ್ತೀರಲ್ಲ, ಹಾಗೆ. ದಿಬ್ಬಣ ಹೊರಟ ಮೇಲೆ ಅವನು ಪಟ್ಟಿ ಹಿಡ್ಕೊಂಡು ಬರ್ತಾನೆ. ಇಷ್ಟು ಕೊಳದಪ್ಪಲೆ, ಇಷ್ಟು ಲೋಟ, ಇಷ್ಟು ಜಮಖಾನ. ಕರ್ನಲ್ ಹತ್ತಿರಾನೂ ಪ್ರತಿ ಪ್ರೋಸೆಸ್ಸಿಗೆ ಏನೇನು ಕೊಟ್ಟಿದ್ದೀನಿ ಅನ್ನೋ ಪಟ್ಟಿ ಇರುತ್ತೆ. ಮೆಮೊರಿ ಕೊಡೋದು ಪೇಜ್ ಲೆಕ್ಕದಲ್ಲಿ, ನಮ್ಮ ನಿಮ್ಮ ಸಾಮಾನ್ಯ ಪಿಸಿಗಳಲ್ಲಿ ಒಂದು ಪೇಜು ಅಂದ್ರೆ 4 ಕೆಬಿ. ಅದೂ ಕೇಳಿದ ತಕ್ಷಣ ಕೊಡಲ್ಲ. ನೀವು ಮ್ಯಾಲಕ್‌ನಲ್ಲಿ 1 ಜಿಬಿ ಕೇಳಿದ್ರೆ "ಆಯ್ತು ತಗೊಳ್ಳಿ" ಅಂತ ಬರೀ ವಿಳಾಸಗಳನ್ನು ಕೊಟ್ಟು ಸುಮ್ಮನಾಗುತ್ತೆ. ಆ ವಿಳಾಸದಲ್ಲಿ ನೀವು ಮೊದಲ ಸಲ ಏನಾದ್ರೂ ಬರೆಯೋಕೆ ಹೋದಾಗಷ್ಟೇ ನಿಜವಾದ ಒಂದು ಪೇಜ್ ತಂದು ಜೋಡಿಸುತ್ತೆ, ಪಟ್ಟಿಯಲ್ಲಿ ಬರ್ಕೊಳ್ಳುತ್ತೆ. ಪ್ರೋಸೆಸ್ ಮುಗಿದಾಗ ಆ ಪಟ್ಟಿ ಪೂರ್ತಿ ವಾಪಸ್. ತೆರೆದಿಟ್ಟ ಫೈಲುಗಳು, ನೆಟ್‌ವರ್ಕ್ ಸಾಕೆಟ್ಟುಗಳು, ಫೈಲಿನ ಮೇಲೆ ಹಾಕಿದ ಬೀಗಗಳು ಎಲ್ಲ ವಾಪಸ್.

ಅದರಲ್ಲೂ 'ಕಿಲ್ ಮೈನಸ್ ನೈನ್' ಹೊಡೆದಾಗ ನೋಡ್ಬೇಕು. ಪ್ರೋಗ್ರಾಮಿಗೆ ತನ್ನ ಕೊನೆಯ ಒಂದು ಸಾಲನ್ನೂ ಓಡಿಸೋಕೆ ಅವಕಾಶ ಇಲ್ಲ. ನಾವು ಕಷ್ಟಪಟ್ಟು ಬರೆದ ಕ್ಲೀನಪ್ ಕೋಡು ಇದ್ದಲ್ಲೇ ಇರುತ್ತೆ. ಆದರೂ ಮೆಮೊರಿ ಒಂದು ಬೈಟೂ ಬಿಡದ ಹಾಗೆ ವಾಪಸ್ ಬರುತ್ತೆ. ಸತ್ತವನ ಸಹಿ ಬೇಕು ಅಂತ ಕರ್ನಲ್ ಯಾವತ್ತೂ ಕೂರಲ್ಲ.

ಇಷ್ಟು ಚೆಂದದ ವ್ಯವಸ್ಥೆ ಇದ್ದ ಮೇಲೆ ಇನ್ನೇನು ತೊಂದರೆ ಅಂತೀರಾ? ತೊಂದರೆ ಬರೋದು ಹಂಚಿಕೊಂಡದ್ದರಲ್ಲಿ.

ಕೆಲವು ವರ್ಷದ ಹಿಂದೆ, ನಾನಾಗ ಕೆಲಸ ಮಾಡ್ತಿದ್ದ ಕಡೆ, ಮೂಲೆಯಲ್ಲಿ ಒಂದು ಹಳೇ ಸರ್ವರ್ ಇತ್ತು. ಹಳೇ ಕರ್ನಲ್ಲು, ಹಳೇ ವೆಬ್ ಸರ್ವರ್ರು. ಯಾರೂ ಮುಟ್ಟೋ ಹಾಗಿಲ್ಲ, ಯಾಕಂದ್ರೆ ಅದರಲ್ಲಿ ಏನಿದೆ ಅಂತ ಗೊತ್ತಿದ್ದವರೆಲ್ಲ ಕಂಪನಿ ಬಿಟ್ಟು ಹೋಗಿದ್ರು. ಆ ವೆಬ್ ಸರ್ವರ್ ಆಗಾಗ ನಿಂತುಬಿಡ್ತಿತ್ತು ಅಂತ ಹಿಂದೆ ಯಾರೋ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ರು. ಉತ್ತರ ಬರ್ಲಿಲ್ಲ ಅಂದ್ರೆ ಕಿಲ್ ಮೈನಸ್ ನೈನ್, ಆಮೇಲೆ ಮತ್ತೆ ಶುರು. ವರ್ಷಾನುಗಟ್ಟಲೆ ಹಾಗೇ ನಡೀತು. ಒಂದು ರಾತ್ರಿ ಅದು ಶುರುವಾಗಲೇ ಇಲ್ಲ. ಲಾಗ್‌ನಲ್ಲಿ ಒಂದೇ ಸಾಲು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಅಂದ್ರೆ ಡಿಸ್ಕಿನಲ್ಲಿ ಜಾಗ ಇಲ್ಲ.

ಡಿಸ್ಕ್ ನೋಡಿದ್ರೆ ಅರ್ಧಕ್ಕಿಂತ ಹೆಚ್ಚು ಖಾಲಿ! ಐನೋಡ್‌ಗಳೂ ಬೇಕಾದಷ್ಟು ಇವೆ. ಹಳೇ ಲಾಗ್ ಅಳಿಸಿ ನೋಡಿದ್ವಿ, ಊಹೂಂ. ಕೊನೆಗೆ ಟೀಮಿನ ಹಿರಿಯರೊಬ್ಬರಿಗೆ ಫೋನ್ ಮಾಡಿದ್ವಿ. ನಿದ್ದೆಗಣ್ಣಲ್ಲೇ ಅವರು ಹೇಳಿದ್ದು ಇಷ್ಟೇ: "ಐಪಿಸಿಎಸ್ ಮೈನಸ್ ಎಸ್ ಹೊಡೆದು ಎಷ್ಟು ಸಾಲು ಬರುತ್ತೆ ಎಣಿಸ್ರೋ."

ಎಣಿಸಿದ್ವಿ. ಸರಿಯಾಗಿ 128.

ಆ 128 ಏನಪ್ಪಾ ಅಂದ್ರೆ ಸೆಮಾಫೋರ್ ಗುಂಪುಗಳು. ಸೆಮಾಫೋರ್ ಅಂದ್ರೆ ಹಲವು ಪ್ರೋಸೆಸ್‌ಗಳು ಒಂದೇ ಜಾಗಕ್ಕೆ ಒಟ್ಟಿಗೆ ನುಗ್ಗದಂತೆ ಬಾಗಿಲಲ್ಲಿಟ್ಟ ಒಂದು ಎಣಿಕೆ. ಒಬ್ಬ ಒಳಗಿದ್ರೆ ಉಳಿದವರು ಕಾಯಬೇಕು. ವೆಬ್ ಸರ್ವರ್ ಪ್ರತಿ ಸಲ ಶುರುವಾದಾಗ ಒಂದು ಹೊಸ ಸೆಮಾಫೋರ್ ಮಾಡ್ಕೊಳ್ತಿತ್ತು. ಮರ್ಯಾದೆಯಾಗಿ ನಿಲ್ಲಿಸಿದ್ರೆ ಹೋಗುವಾಗ ಅದನ್ನು ತೆಗೆದು ಹೋಗ್ತಿತ್ತು. ಕಿಲ್ ಮೈನಸ್ ನೈನ್ ಹೊಡೆದಾಗ ತೆಗೆಯೋಕೆ ಅವಕಾಶ ಇಲ್ಲ, ಹಾಗಾಗಿ ಅದು ಅಲ್ಲೇ ಉಳೀತಿತ್ತು. ಲಿನಕ್ಸ್ 3.19ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ ಇಂಥ ಗುಂಪುಗಳ ಡಿಫಾಲ್ಟ್ ಮಿತಿ 128. 2015ರಲ್ಲಿ ಬಂದ 3.19ರಿಂದ ಅದು 32,000 ಆಯ್ತು. 129ನೆಯದನ್ನು ಕೇಳಿದಾಗ ಕರ್ನಲ್ "ಜಾಗ ಇಲ್ಲ" ಅಂತು. ಸೆಮಾಫೋರ್ ಖಾಲಿ ಅಂತ ಹೇಳೋಕೆ ಬೇರೆ ಎರರ್ ನಂಬರ್ ಇಲ್ಲ, ಹಾಗಾಗಿ ಡಿಸ್ಕ್ ತುಂಬಿದಾಗ ಕೊಡೋ ನಂಬರನ್ನೇ ಎರವಲು ತಗೊಂಡಿದ್ದಾರೆ. ಅದಕ್ಕೆ ಆ ದಾರಿ ತಪ್ಪಿಸೋ ಮೆಸೇಜು.

ಐಪಿಸಿಆರ್‌ಎಂ ಅನ್ನೋ ಕಮಾಂಡಿನಿಂದ ಹಳೇವನ್ನೆಲ್ಲ ತೆಗೆದ್ವಿ, ಸರ್ವರ್ ಎದ್ದು ಕೂತ್ಕೊಂಡ್ತು. ಎಲ್ಲರೂ ಮನೆಗೆ ಹೋದ್ವಿ.

ಆದ್ರೆ ನಂಗೆ ಒಂದು ಪ್ರಶ್ನೆ ಉಳ್ಕೊಂಡ್ತು. ಒಂದೊಂದು ಬೈಟು ಲೆಕ್ಕ ಇಟ್ಟು ವಾಪಸ್ ತಗೊಳ್ಳೋ ಕರ್ನಲ್ಲು, ಈ 128ನ್ನು ಯಾಕೆ ಹಾಗೇ ಬಿಡ್ತು? ಸೋಮಾರಿತನವಾ?

ಅಲ್ಲ. ಅವು ಯಾವ ಪ್ರೋಸೆಸ್ಸಿನ ಪಟ್ಟಿಯಲ್ಲೂ ಇರಲಿಲ್ಲ, ಅಷ್ಟೇ.

ಈ ಸೆಮಾಫೋರ್, ಶೇರ್ಡ್ ಮೆಮೊರಿ, ಮೆಸೇಜ್ ಕ್ಯೂ ಮೂರಕ್ಕೂ ಸೇರಿಸಿ 'ಸಿಸ್ಟಮ್ ಫೈವ್ ಐಪಿಸಿ' ಅಂತಾರೆ. ಎಟಿ ಅಂಡ್ ಟಿಯವರು 1983ರಲ್ಲಿ ತಂದ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಹೆಸರು. ಇದರಲ್ಲಿ ಒಂದು ಶೇರ್ಡ್ ಮೆಮೊರಿ ತುಂಡನ್ನು ಯಾವುದೋ ಪ್ರೋಸೆಸ್ ಹುಟ್ಟಿಸುತ್ತೆ. ಅದಕ್ಕೊಂದು ಕೀ ಇರುತ್ತೆ. ಆ ಕೀ ಗೊತ್ತಿದ್ದು, ಅನುಮತಿ ಇದ್ದ ಯಾವ ಪ್ರೋಸೆಸ್ ಬೇಕಾದ್ರೂ ಬಂದು ಅದನ್ನು ತನ್ನ ವಿಳಾಸಗಳಿಗೆ ಜೋಡಿಸಿಕೊಳ್ಳಬಹುದು, ಬೇಡ ಅಂದಾಗ ಬಿಡಬಹುದು. ಈಗ ಎಷ್ಟು ಜನ ಜೋಡಿಸಿಕೊಂಡಿದ್ದಾರೆ ಅನ್ನೋ ಲೆಕ್ಕವನ್ನು ಕರ್ನಲ್ ಇಟ್ಟಿರುತ್ತೆ. ಐಪಿಸಿಎಸ್ ಪಟ್ಟಿಯಲ್ಲಿ 'ಎನ್‌ಅಟ್ಯಾಚ್' ಅಂತ ಒಂದು ಕಾಲಮ್ ಇರುತ್ತಲ್ಲ, ಅದೇ. ಪ್ರೋಸೆಸ್ ಸತ್ತರೆ ಆ ಲೆಕ್ಕದಲ್ಲಿ ಒಂದು ಕಮ್ಮಿಯಾಗುತ್ತೆ. ಎಲ್ಲರೂ ಸತ್ತರೆ ಸೊನ್ನೆ.

ಸೊನ್ನೆ ಆದ ಮೇಲೆ ಅಳಿಸಬಹುದಲ್ವಾ? ಇಲ್ಲ, ಅಳಿಸಲ್ಲ. ಯಾರಾದ್ರೂ ಬಂದು ಬಾಯಿಬಿಟ್ಟು "ಇದು ಸಾಕು, ತೆಗಿ" ಅನ್ನಬೇಕು, ಇಲ್ಲಾಂದ್ರೆ ಮಷಿನ್ ರೀಬೂಟ್ ಆಗಬೇಕು. ಅಲ್ಲಿವರೆಗೂ ಅದು ಇರುತ್ತೆ.

ನಿಯಮವೇ ಹಾಗಿದೆ. ಒಂದು ಪ್ರೋಗ್ರಾಮ್ ಬೆಳಿಗ್ಗೆ ಬಂದು ಡೇಟಾ ತುಂಬಿಟ್ಟು ಹೋಗಬಹುದು, ಇನ್ನೊಂದು ಸಂಜೆ ಬಂದು ಓದಬಹುದು. ಮಧ್ಯಾಹ್ನ ಕರ್ನಲ್ ಇಣುಕಿ ನೋಡಿದ್ರೆ ಎನ್‌ಅಟ್ಯಾಚ್ ಸೊನ್ನೆ. ಈಗ ಯಾರೂ ಇಲ್ಲ. ಆದ್ರೆ "ಈಗ ಯಾರೂ ಇಲ್ಲ" ಅನ್ನೋದೂ "ಇನ್ಮುಂದೆ ಯಾರೂ ಬರಲ್ಲ" ಅನ್ನೋದೂ ಒಂದೇ ಅಲ್ಲ. ಮೊದಲನೆಯದನ್ನು ಎಣಿಸಿ ಹೇಳಬಹುದು. ಎರಡನೆಯದನ್ನು ಎಷ್ಟು ಎಣಿಸಿದ್ರೂ ಹೇಳೋಕಾಗಲ್ಲ. ಆ ಮೆಮೊರಿಯನ್ನು ಯಾಕೆ ಮಾಡಿದ್ರು ಅಂತ ಗೊತ್ತಿದ್ದವರೇ ಹೇಳಬೇಕು.

ಲಿನಕ್ಸಿನವರು ಇದಕ್ಕೊಂದು ಸ್ವಿಚ್ಚೂ ಇಟ್ಟಿದ್ದಾರೆ. 2011ರಲ್ಲಿ ಬಂದ 3.1ರಿಂದ 'ಎಸ್‌ಎಚ್‌ಎಂ ಆರ್‌ಎಂಐಡಿ ಫೋರ್ಸ್ಡ್' ಅನ್ನೋ ಸೆಟ್ಟಿಂಗ್ ಇದೆ. ಅದನ್ನು 1 ಮಾಡಿದ್ರೆ ಎನ್‌ಅಟ್ಯಾಚ್ ಸೊನ್ನೆಯಾದ ಶೇರ್ಡ್ ಮೆಮೊರಿಯನ್ನು ಕರ್ನಲ್ ತಾನೇ ಅಳಿಸುತ್ತೆ. ಆದ್ರೆ ಡಿಫಾಲ್ಟ್ 0. ಗುಡಿಸೋಕೆ ಬರಲ್ಲ ಅಂತಲ್ಲ, ಕೇಳದೆ ಗುಡಿಸಲ್ಲ ಅಂತ.

ಇದನ್ನೆಲ್ಲ ಓದ್ತಿದ್ದ ದಿನಗಳಲ್ಲೇ ಊರಿಂದ ಅಪ್ಪನ ಫೋನ್ ಬರ್ತಿತ್ತು. ನಮ್ಮದು ಸಾಗರದ ಕಡೆ, ಒಂದಿಷ್ಟು ಅಡಿಕೆ ತೋಟ. ಅಜ್ಜ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ. ಅಜ್ಜ ವಿಲ್ ಬರೆದಿರಲಿಲ್ಲ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯಂದಿರು, ಒಟ್ಟು ಐದು ಪಾಲು. ತೋಟದಲ್ಲಿ ಇರೋದು ಅಪ್ಪ ಒಬ್ಬರೇ. ಉಳಿದವರು ಹಬ್ಬಕ್ಕೆ, ತಿಥಿಗೆ ಬಂದು ಹೋಗೋರು. ಆ ವರ್ಷ ಮಳೆ ಜೋರಾಗಿ ಕೊಳೆ ರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದಿತ್ತು. ಪರಿಹಾರಕ್ಕೆ ಅರ್ಜಿ ಹಾಕೋಣ ಅಂದ್ರೆ ಪಹಣಿಯಲ್ಲಿ ಇರೋ ಹೆಸರಿನವರು ಬದುಕಿಲ್ಲ. ಬೆಳೆ ಸಾಲಕ್ಕೂ ಅದೇ ಕಥೆ. ತೋಟ ಇದೆ, ದುಡಿಯೋರಿದ್ದಾರೆ, ಕಾಗದದ ಮೇಲೆ ಮಾತ್ರ ಬೀಗ ಇನ್ನೂ ಅಜ್ಜನ ಕೈಯಲ್ಲಿ.

ಊರಲ್ಲಿ ಯಾರೋ ಅಪ್ಪನಿಗೆ ಹೇಳಿದ್ರಂತೆ, "ಅವರ್‍ಯಾರೂ ಇಲ್ಲಿ ಬಂದು ತೋಟ ಮಾಡೋರಲ್ಲ. ಎಲ್ಲರ ಹತ್ರ ಹಕ್ಕು ಬಿಟ್ಟು ಕೊಟ್ಟಿದ್ದೀವಿ ಅಂತ ಸಹಿ ತಗೊಂಡು ನಿಮ್ಮ ಹೆಸರಿಗೇ ಮಾಡಿಸ್ಕೊಂಡುಬಿಡಿ" ಅಂತ. ಫೋನಲ್ಲಿ ಅಪ್ಪ ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು.

"ನೀ ಏನಂದೆ ಅಪ್ಪ?"

"ಏನು ಹೇಳೋದು. ಈಗ ಯಾರೂ ಇಲ್ಲ ಅನ್ನೋದು ಸರಿ. ಮುಂದೆ ಬರಲ್ಲ ಅಂತ ನಾನು ಹೇಗೋ ಹೇಳ್ಲಿ? ನಿನ್ನ ಸಣ್ಣತ್ತೆ ಹುಟ್ಟಿದ ಮನೆ ಅದು."

ನಾನು ಏನೂ ಮಾತಾಡಲಿಲ್ಲ. ಅಪ್ಪನಿಗೆ ಯುನಿಕ್ಸ್ ಗೊತ್ತಿಲ್ಲ. ಎನ್‌ಅಟ್ಯಾಚ್ ಸೊನ್ನೆಯಾದ್ರೂ ಅಳಿಸಬಾರದು ಅಂತ ಯಾರೂ ಹೇಳಿಕೊಟ್ಟಿಲ್ಲ.

ಹಾಗಂತ ಉಳಿಸಿಕೊಳ್ಳೋದಕ್ಕೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಇದೆ, ಮತ್ತು ಅದು ಯಾರೋ ಒಬ್ಬರ ತಲೆಗೆ ಬೀಳುತ್ತೆ. ಲಿನಕ್ಸ್ ಇದನ್ನು ಲೆಕ್ಕ ಹಾಕೋ ರೀತಿ ನಂಗೆ ತುಂಬಾ ಇಷ್ಟ. ಒಂದು ಪ್ರೋಸೆಸ್ ಎಷ್ಟು ಮೆಮೊರಿ ತಿಂತಿದೆ ಅಂತ ಕೇಳಿದ್ರೆ ಸಾಮಾನ್ಯವಾಗಿ ಆರ್‌ಎಸ್‌ಎಸ್ ತೋರಿಸ್ತಾರೆ. ಅದರಲ್ಲಿ ಹಂಚಿಕೊಂಡ ಪೇಜುಗಳೂ ಪೂರ್ತಿ ಸೇರಿರುತ್ತೆ. ಸಿ ಲೈಬ್ರರಿಯಂಥದ್ದನ್ನು ನೂರು ಪ್ರೋಸೆಸ್ ಬಳಸಿದ್ರೂ ಅದರ ಕೋಡು ಮೆಮೊರಿಯಲ್ಲಿ ಇರೋದು ಒಂದೇ ಪ್ರತಿ. ಆದ್ರೆ ನೂರೂ ಜನರ ಲೆಕ್ಕದಲ್ಲಿ ಅದು ಬರುತ್ತೆ. ಎಲ್ಲ ಕೂಡಿಸಿದ್ರೆ ಮಷಿನ್ನಿನಲ್ಲಿ ಇರೋ ರ್‍ಯಾಮಿಗಿಂತ ಹೆಚ್ಚಾಗಿಬಿಡಬಹುದು!

ಅದಕ್ಕೇ ಪಿಎಸ್‌ಎಸ್ ಅಂತ ಇನ್ನೊಂದು ಲೆಕ್ಕ ಇದೆ. ಪಾಲಿನ ಲೆಕ್ಕ. ಸ್ವಂತದ 1000 ಪೇಜು, ಇನ್ನೊಬ್ಬನ ಜೊತೆ ಹಂಚಿಕೊಂಡ 1000 ಪೇಜು ಇದ್ರೆ ಪಿಎಸ್‌ಎಸ್ 1500. ಈಗ ಆ ಇನ್ನೊಬ್ಬ ಪ್ರೋಸೆಸ್ ಮುಗಿಸಿ ಹೋದ ಅನ್ನಿ. ಉಳಿದವನ ಪಿಎಸ್‌ಎಸ್ 2000 ಆಗುತ್ತೆ. ಅವನು ಹೊಸದಾಗಿ ಒಂದು ಬೈಟೂ ಕೇಳಿಲ್ಲ, ಏನೂ ಬದಲು ಮಾಡಿಲ್ಲ. ಜೊತೆಯವನು ಹೋದದ್ದಕ್ಕೆ ಹೊರೆ ಹೆಚ್ಚಾಯ್ತು. ಗ್ರಾಫ್ ನೋಡಿ "ಇವನಲ್ಲಿ ಲೀಕ್ ಇದೆ" ಅಂತ ಇವನನ್ನೇ ಹಿಡ್ಕೊಳ್ಳೋರಿದ್ದಾರೆ. ಊರಲ್ಲಿ ಉಳಿದವರನ್ನು ಕೇಳಿ ನೋಡಿ, ಇದರ ಅರ್ಥ ತಕ್ಷಣ ಆಗುತ್ತೆ.

ಇನ್ನೂ ಕೆಟ್ಟ ಖರ್ಚು ಇದೆ. ಮೆಮೊರಿ ಪೂರ್ತಿ ಖಾಲಿಯಾದಾಗ ಲಿನಕ್ಸ್ ಒಂದು ಪ್ರೋಸೆಸ್ ಆರಿಸಿ ಕೊಲ್ಲುತ್ತೆ, ಓಓಎಂ ಕಿಲ್ಲರ್ ಅಂತ ಹೆಸರು. ಅದರ ನಂಬಿಕೆ ಏನು ಅಂದ್ರೆ, ಕೊಂದರೆ ಅವನ ಮೆಮೊರಿ ವಾಪಸ್ ಸಿಗುತ್ತೆ ಅಂತ. ಆದ್ರೆ ಟಿಎಂಪಿಎಫ್‌ಎಸ್ ಅಂತ ರ್‍ಯಾಮಿನಲ್ಲೇ ಇರೋ ಫೈಲ್ ಸಿಸ್ಟಮ್ ಇದೆಯಲ್ಲ, ಪಾಸಿಕ್ಸ್ ಶೇರ್ಡ್ ಮೆಮೊರಿ ಕೂರೋದೂ ಅಲ್ಲೇ, ಅಲ್ಲಿ ತುಂಬಿದ್ದು ಯಾರನ್ನು ಕೊಂದರೂ ವಾಪಸ್ ಬರಲ್ಲ. ಆ ಫೈಲು ಯಾವ ಪ್ರೋಸೆಸ್ಸಿನ ಆಸ್ತಿಯೂ ಅಲ್ಲ. ಕರ್ನಲ್ ಜೊತೆ ಬರೋ ದಾಖಲೆಯಲ್ಲೇ ಇದರ ಬಗ್ಗೆ ಎಚ್ಚರಿಕೆ ಇದೆ: ಇದರ ಮಿತಿಯನ್ನು ವಿಪರೀತ ದೊಡ್ಡದಾಗಿಟ್ಟರೆ ಮಷಿನ್ ಸಿಕ್ಕಿಹಾಕಿಕೊಳ್ಳುತ್ತೆ, ಓಓಎಂನಿಂದ ಆ ಮೆಮೊರಿ ಬಿಡಿಸೋಕಾಗಲ್ಲ ಅಂತ. ಒಬ್ಬರ ಮೇಲೊಬ್ಬರನ್ನು ಬಲಿ ಕೊಟ್ಟರೂ ಜಾಗ ಹುಟ್ಟಲ್ಲ.

ಹಾಗಿದ್ರೆ ಕಟ್ಟುನಿಟ್ಟಾಗಿ ಗುಡಿಸಿಬಿಡೋದೇ ವಾಸಿ ಅಲ್ವಾ ಅಂತ ಅನ್ನಿಸಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಸಿಸ್ಟಮ್‌ಡಿಯಲ್ಲಿ 2014ರಿಂದ 'ರಿಮೂವ್ ಐಪಿಸಿ' ಅಂತ ಒಂದು ಸೆಟ್ಟಿಂಗ್ ಇದೆ. ಒಬ್ಬ ಸಾಮಾನ್ಯ ಯೂಸರ್ ತನ್ನ ಕೊನೆಯ ಸೆಷನ್‌ನಿಂದ ಲಾಗ್ ಔಟ್ ಆದ ಕೂಡಲೇ ಅವನ ಹೆಸರಲ್ಲಿರೋ ಶೇರ್ಡ್ ಮೆಮೊರಿ, ಸೆಮಾಫೋರ್ ಎಲ್ಲ ತೆಗೆದು ಹಾಕೋದು. ಡಿಫಾಲ್ಟ್ ಆಗಿ ಆನ್, ಕೆಲವು ಡಿಸ್ಟ್ರಿಬ್ಯೂಶನ್‌ಗಳು ತಾವೇ ಆಫ್ ಮಾಡಿ ಕೊಡ್ತವೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಯೂಸರ್ ಹೆಸರಲ್ಲೇ ಹಿನ್ನೆಲೆಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡ್ತಾ ಇದ್ರೆ? ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲಿ ಇದಕ್ಕೇ ಒಂದು ಭಾಗ ಮೀಸಲಿದೆ. ದೊಡ್ಡ ಕ್ವೆರಿಯನ್ನು ಹಲವು ಪ್ರೋಸೆಸ್‌ಗಳು ಹಂಚಿಕೊಂಡು ಮಾಡುವಾಗ ಮಧ್ಯದಲ್ಲಿ ಶೇರ್ಡ್ ಮೆಮೊರಿ ಮಾಯ ಆಗಬಹುದು, ನೋಡೋರಿಗೆ ಯಾವಾಗ ಬೇಕಾದ್ರೂ ಆದ ಹಾಗೆ ಕಾಣುತ್ತೆ ಅಂತ. ಅಡ್ಮಿನ್ ಲಾಗಿನ್ ಆಗಿ, ಏನೋ ನೋಡಿ, ಲಾಗ್ ಔಟ್ ಆಗ್ತಾನೆ. ಅಷ್ಟಕ್ಕೇ ಡೇಟಾಬೇಸಿನ ಕಾಲ ಕೆಳಗಿನ ಚಾಪೆ ಹೋಯ್ತು!

ಅದೇ ಪೋಸ್ಟ್‌ಗ್ರೆಸ್‌ನ ಇನ್ನೊಂದು ವಿಷಯ ಹೇಳ್ಬೇಕು. 2013ರ 9.3ಕ್ಕೆ ಮುಂಚೆ ಅದು ತನ್ನ ದೊಡ್ಡ ಮೆಮೊರಿಯನ್ನೆಲ್ಲ ಸಿಸ್ಟಮ್ ಫೈವ್ ಶೇರ್ಡ್ ಮೆಮೊರಿಯಲ್ಲೇ ಇಡ್ತಿತ್ತು. 9.3ರಲ್ಲಿ ಬಹುಪಾಲನ್ನು ಬೇರೆ ಬಗೆಯ ಹಂಚಿಕೆಗೆ ಸಾಗಿಸಿದ್ರು, ಎಲ್ಲ ಪ್ರೋಸೆಸ್ ಸತ್ತ ಮೇಲೆ ತಾನಾಗಿ ಹೋಗೋ ಅಂಥದ್ದಕ್ಕೆ. ಆದ್ರೆ ಹಳೇ ಸಿಸ್ಟಮ್ ಫೈವ್‌ನ ಒಂದು ಚಿಟಿಕೆಯಷ್ಟು ತುಂಡನ್ನು ಹಾಗೇ ಇಟ್ಕೊಂಡ್ರು, ನೂರು ಬೈಟೂ ಇಲ್ಲದಷ್ಟು ಚಿಕ್ಕದು. ಯಾಕೆ ಗೊತ್ತಾ? ಎನ್‌ಅಟ್ಯಾಚ್‌ಗೋಸ್ಕರ! ಮುಖ್ಯ ಪ್ರೋಸೆಸ್ ಸತ್ತು ಅದರ ಮಕ್ಕಳಲ್ಲಿ ಒಂದು ಇನ್ನೂ ಬದುಕಿದ್ದು ಡಿಸ್ಕಿಗೆ ಬರೀತಾ ಇರಬಹುದು. ಆಗ ಹೊಸ ಸರ್ವರ್ ಅದೇ ಡೇಟಾ ಮೇಲೆ ಶುರುವಾದ್ರೆ ಎರಡೂ ಸೇರಿ ಡೇಟಾ ಹಾಳುಮಾಡ್ತವೆ. ಹಾಗಾಗಿ ಹೊಸದು ಶುರುವಾಗೋ ಮುಂಚೆ ಹಳೇ ತುಂಡಿನ ಎನ್‌ಅಟ್ಯಾಚ್ ನೋಡುತ್ತೆ. ಸೊನ್ನೆ ಅಲ್ಲ ಅಂದ್ರೆ "ಒಳಗೆ ಇನ್ನೂ ಯಾರೋ ಇದ್ದಾರೆ" ಅಂತ ತಾನು ಶುರುವಾಗಲ್ಲ. ಹಳೇ ಮೆಮೊರಿ ಸಾವನ್ನು ಮೀರಿ ಉಳಿಯುತ್ತಲ್ಲ, ನಮ್ಮ ಸರ್ವರ್ ಕೆಡಿಸಿದ್ದು ಯಾವ ಗುಣವೋ ಇಲ್ಲಿ ಡೇಟಾಬೇಸ್ ಕಾಯೋದೂ ಅದೇ ಗುಣ.

ಬೇಗ ಅಳಿಸೋದು, ತಡವಾಗಿ ಅಳಿಸೋದು, ಎರಡೂ ತಪ್ಪೇ. ಆದ್ರೆ ಎರಡೂ ಸಮ ಅಲ್ಲ. ಕರ್ನಲ್ ಒಳಗೆ ಹಂಚಿಕೊಂಡ ವಸ್ತುಗಳಿಗೆಲ್ಲ ರೆಫರೆನ್ಸ್ ಕೌಂಟ್ ಇಡ್ತಾರೆ, ಎಷ್ಟು ಜನ ಹಿಡ್ಕೊಂಡಿದ್ದಾರೆ ಅನ್ನೋ ಎಣಿಕೆ. ಜಾರ್ಜ್ ಕಾಲಿನ್ಸ್ 1960ರಲ್ಲೇ ಪ್ರಕಟಿಸಿದ ಉಪಾಯ ಅದು. 2016ರ ಜನವರಿಯಲ್ಲಿ ಲಿನಕ್ಸಿನ ಕೀರಿಂಗ್ ಭಾಗದಲ್ಲಿ ಒಂದು ದೋಷ ಬಯಲಿಗೆ ಬಂತು. ಒಂದು ಕಡೆ ಎಣಿಕೆ ಏರುತ್ತೆ, ಇಳಿಸೋದನ್ನು ಮರೆತಿದ್ದಾರೆ. ಯಾರಾದ್ರೂ ಪಟ್ಟು ಹಿಡಿದು ಅದನ್ನು ಸುಮಾರು 430 ಕೋಟಿ ಸಲ ಏರಿಸಿದ್ರೆ 32 ಬಿಟ್ಟಿನ ಎಣಿಕೆ ಸುತ್ತು ಹೊಡೆದು ಸೊನ್ನೆಗೆ ಬರುತ್ತೆ. ಸೊನ್ನೆ ಕಂಡ ಕರ್ನಲ್ ಅದನ್ನು ಬಿಡುಗಡೆ ಮಾಡುತ್ತೆ, ಇನ್ನೂ ಬಳಕೆಯಲ್ಲಿದ್ರೂ. ಆ ಜಾಗದಲ್ಲಿ ದಾಳಿ ಮಾಡೋನು ತನ್ನದನ್ನು ತಂದಿಟ್ಟರೆ ರೂಟ್ ಅಧಿಕಾರವೇ ಕೈಗೆ.

ಇಂಥದ್ದಕ್ಕೆ 2017ರ 4.11ರಲ್ಲಿ ಒಂದು ಹೊಸ ಬಗೆಯ ಎಣಿಕೆ ತಂದ್ರು. ಅದು ಮಿತಿ ಮುಟ್ಟಿದ್ರೆ ಸುತ್ತು ಹೊಡೆಯಲ್ಲ, ಅಲ್ಲೇ ಕಚ್ಚಿಕೊಂಡು ನಿಲ್ಲುತ್ತೆ. ಆ ವಸ್ತು ಮುಂದೆ ಯಾವತ್ತೂ ಬಿಡುಗಡೆ ಆಗಲ್ಲ. ಗೊತ್ತಿದ್ದೂ ಲೀಕ್! ಲೆಕ್ಕ ಕೆಟ್ಟಿದೆ ಅಂತ ಗೊತ್ತಾದಾಗ ಅಳಿಸೋದಕ್ಕಿಂತ ಇಟ್ಟುಕೊಳ್ಳೋದು ವಾಸಿ ಅನ್ನೋ ತೀರ್ಮಾನ. ಲೀಕ್ ಆದ್ರೆ ಒಂದಷ್ಟು ಜಾಗ ಹೋಗುತ್ತೆ, ಬದುಕಿರೋರ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ್ರೆ ಮನೆಯೇ ಹೋಗುತ್ತೆ.

ಇಷ್ಟಾದ್ರೂ ಅಪ್ಪನ ಸಮಸ್ಯೆ ಹಾಗೇ ಇದೆ ನೋಡಿ. ಇಟ್ಟುಕೊಳ್ಳೋದು ಸರಿ, ಆದ್ರೆ ಬೀಗ ಹಿಡಿದೋರು ತೀರಿಹೋಗಿದ್ದಾರೆ. ಕಾಯುತ್ತಾ ಕೂರೋದಾ?

ಶೇರ್ಡ್ ಮೆಮೊರಿಯಲ್ಲಿ ಒಂದು ಮ್ಯೂಟೆಕ್ಸ್, ಅಂದ್ರೆ ಬೀಗ ಇಟ್ಟು ಹಲವು ಪ್ರೋಸೆಸ್ ಬಳಸುವಾಗ ಇದೇ ಗತಿ ಆಗ್ತಿತ್ತು. ಬೀಗ ಹಾಕ್ಕೊಂಡವನು ಒಳಗೇ ಸತ್ತರೆ ಉಳಿದವರು ಹೊರಗೆ ಅನಂತಕಾಲ ಕಾಯೋದು. 2006ರ ಲಿನಕ್ಸ್ 2.6.17ರಲ್ಲಿ 'ರೋಬಸ್ಟ್' ಬೀಗಗಳಿಗೆ ಕರ್ನಲ್ ಬೆಂಬಲ ಬಂತು. ಈ ಥರದ ಬೀಗ ಹಿಡಿದವನು ಸತ್ತರೆ, ಮುಂದೆ ಕೇಳಿದವನಿಗೆ ಬೀಗ ಸಿಗುತ್ತೆ, ಜೊತೆಗೆ ಒಂದು ಸಂದೇಶ: 'ಇ ಓನರ್ ಡೆಡ್'. ಹಿಂದಿನ ಮಾಲೀಕ ಸತ್ತಿದ್ದಾನೆ, ಬೀಗ ಈಗ ನಿನ್ನ ಕೈಲಿದೆ. ಆದ್ರೆ ಅವನು ಏನೋ ಬದಲಾಯಿಸ್ತಾ ಅರ್ಧಕ್ಕೇ ಹೋಗಿರಬಹುದು. ಒಳಗೆ ಹೋಗಿ ನೋಡು, ಸರಿಮಾಡು, ಸರಿಯಾಗಿದೆ ಅಂತ ನಿನ್ನ ಬಾಯಲ್ಲಿ ಹೇಳು. ಹಾಗೆ ಹೇಳೋಕೆ ಪ್ರತ್ಯೇಕ ಫಂಕ್ಷನ್ನೇ ಇದೆ. ಹೇಳದೆ ಬೀಗ ಬಿಟ್ಟರೆ ಮುಂದೆ ಬಂದವರಿಗೆಲ್ಲ 'ನಾಟ್ ರಿಕವರಬಲ್', ಇನ್ನು ಅದು ಯಾರಿಗೂ ಸಿಗಲ್ಲ.

ಮೊದಲ ಸಲ ಇದನ್ನು ಓದಿದಾಗ ನಗು ಬಂತು. ನಮ್ಮ ಕಂದಾಯ ಇಲಾಖೆಯ ಪೌತಿ ಖಾತೆ ಅಂದ್ರೆ ಇದೇ ಅಲ್ವಾ ಮಾರಾಯ್ರೆ! ಮರಣ ಪ್ರಮಾಣಪತ್ರ ತಗೊಂಡು ಬಾ, ವಂಶವೃಕ್ಷ ತಗೊಂಡು ಬಾ, ಯಾರ್‍ಯಾರು ವಾರಸುದಾರರು ಅಂತ ಹೇಳು, ತಕರಾರು ಇದ್ದವರಿಗೆ ನೋಟಿಸ್ ಹೋಗಲಿ, ಆಮೇಲೆ ಖಾತೆ ಬದಲಾಗುತ್ತೆ. ಕರ್ನಲ್ ಆಗಲಿ ನಾಡಕಚೇರಿ ಆಗಲಿ ಲೆಕ್ಕ ತಾನೇ ಸರಿ ಮಾಡಲ್ಲ. ಸತ್ತಿದ್ದಾರೆ ಅಂತ ಒಪ್ಪಿಕೊಂಡು, ಬದುಕಿರೋ ಯಾರಾದ್ರೂ ಮುಂದೆ ಬಂದು ಒಳಗಿನ ಸ್ಥಿತಿಗೆ ಜವಾಬ್ದಾರಿ ಹೊರಲಿ ಅಂತ ದಾರಿ ಮಾಡಿಕೊಡುತ್ತೆ, ಅಷ್ಟೇ.

ಅಪ್ಪ ಹೊತ್ತುಕೊಂಡ್ರು. ಐದೂ ಹೆಸರು ಹಾಕಿ ಜಂಟಿ ಖಾತೆ ಮಾಡಿಸಿದ್ರು. ಯಾರ ಹೆಸರನ್ನೂ ತೆಗೀಲಿಲ್ಲ. ಅದಕ್ಕೆ ಎಷ್ಟು ಸಲ ಸಾಗರಕ್ಕೆ ಓಡಾಡಿದ್ರು, ಎಷ್ಟು ಫೋನ್ ಮಾಡಿದ್ರು ಅನ್ನೋದು ಯಾವ ಪಹಣಿಯಲ್ಲೂ ಬರಲ್ಲ. ಸಣ್ಣತ್ತೆ ಸಹಿ ಮಾಡೋಕೆ ಬಂದವರು ನಾಲ್ಕು ದಿನ ಉಳಿದು, ಹಳೇ ಪತ್ತಾಯ ತೊಳೆದು ಒಣಗಿಸಿಟ್ಟು ಹೋದ್ರಂತೆ. ಆ ವರ್ಷದ ಪರಿಹಾರ ತಪ್ಪಿಹೋಯ್ತು. ಮುಂದಿನ ವರ್ಷದಿಂದ ಸಾಲಕ್ಕೆ ತೊಂದರೆ ಆಗಲಿಲ್ಲ.

ಈಗ ಕೆಲಸದಲ್ಲಿ ಯಾರಾದ್ರೂ ಹೊಸ ಡಿಸೈನ್ ತೋರಿಸಿ "ಇದು ಶೇರ್ಡ್" ಅಂದ್ರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ. ಇದನ್ನು ಮುಗಿಸೋದು ಯಾರು ಅಂತ ಹುಟ್ಟಿಸುವಾಗಲೇ ಬರೆದಿದ್ದೀರಾ? ಬರೆಯೋಕೆ ದಾರಿಗಳಿವೆ. ಶೇರ್ಡ್ ಮೆಮೊರಿ ಮಾಡಿ, ಬೇಕಾದವರೆಲ್ಲ ಜೋಡಿಸಿಕೊಂಡ ತಕ್ಷಣ "ಅಳಿಸು" ಅಂತ ಹೇಳಿಬಿಡಬಹುದು. ಕರ್ನಲ್ ಆಗಲೇ ಅಳಿಸಲ್ಲ, ಗುರುತು ಹಾಕಿಟ್ಟುಕೊಳ್ಳುತ್ತೆ. ಒಳಗಿದ್ದವರು ನೆಮ್ಮದಿಯಾಗಿ ಇರಬಹುದು, ಕೊನೆಯವನು ಬಿಟ್ಟಾಗ ತಾನಾಗಿ ಹೋಗುತ್ತೆ. ಮಧ್ಯೆ ಯಾರಿಗೆ ಕಿಲ್ ಮೈನಸ್ ನೈನ್ ಬಿದ್ದರೂ ಚಿಂತೆ ಇಲ್ಲ. 2014ರ 3.17ರಿಂದ 'ಮೆಮ್‌ಎಫ್‌ಡಿ' ಅಂತ ಇದೆ, ಅದಕ್ಕೆ ಹೊರಗಿನವರು ಹುಡುಕೋಕೆ ಹೆಸರೇ ಇರಲ್ಲ, ಹಿಡಿದುಕೊಂಡ ಕೊನೆಯವನು ಕೈಬಿಟ್ಟ ತಕ್ಷಣ ಮುಗೀತು. ಆರೋಗ್ಯವಾಗಿದ್ದಾಗಲೇ ವಿಲ್ ಬರೆದಿಟ್ಟ ಹಾಗೆ. ಇಂಥದ್ದು ನಮ್ಮ ಮನೆಗಳಲ್ಲಿ ಮಾತಾಡಿದ್ರೆ ಅಪಶಕುನ ಅಂತಾರೆ, ಅದು ಬೇರೆ ವಿಷಯ :-)

ನಿಮ್ಮ ಹತ್ತಿರ ಲಿನಕ್ಸ್ ಮಷಿನ್ ಇದ್ರೆ ಒಮ್ಮೆ 'ಐಪಿಸಿಎಸ್ ಮೈನಸ್ ಎಂ' ಹೊಡೆದು ನೋಡಿ. ಎನ್‌ಅಟ್ಯಾಚ್ ಸೊನ್ನೆ ಇರೋವು ಒಂದೆರಡು ಸಿಗಬಹುದು. 'ಮೈನಸ್ ಪಿ' ಹಾಕಿದ್ರೆ ಹುಟ್ಟಿಸಿದವನ ಪ್ರೋಸೆಸ್ ನಂಬರ್ ಬರುತ್ತೆ, 'ಮೈನಸ್ ಟಿ' ಹಾಕಿದ್ರೆ ಕೊನೆಗೆ ಯಾವಾಗ ಯಾರೋ ಬಂದು ಹೋದ್ರು ಅಂತ ಸಮಯ ಬರುತ್ತೆ. ಆ ನಂಬರಿನವನು ಬಹುಶಃ ಬದುಕಿರಲ್ಲ. ತೆಗೆದುಬಿಡೋಣ ಅನ್ನಿಸುತ್ತೆ. ತೆಗೆಯೋ ಮುಂಚೆ ಪಕ್ಕದ ಸೀಟಿನವರನ್ನು ಒಂದು ಮಾತು ಕೇಳಿ, ಯಾರಿಗಾದ್ರೂ ಬೇಕಾ ಅಂತ.